ಶಾಲೆ ಮುಚ್ಚಿತು, ಸಾಲ ಉಳಿಯಿತು

ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಬಗೆದಿದ್ದರು. ಅವುಗಳಲ್ಲಿ ಋಷಿಋಣ ತೀರುವುದು ಅಧ್ಯಯನದಿಂದ. ಅಂದರೆ, ಓದಿದಷ್ಟೂ ಋಣ ಹಗುರವಾಗಬೇಕು. ಓದಹೋದವರ ಹೆಗಲ ಮೇಲೆಯೇ ಋಣ ಬೆಳೆದ ವಿಪರೀತದ ಕಥೆಯೊಂದು ಅಮೆರಿಕದ ಇತಿಹಾಸದಲ್ಲಿದೆ.

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟರು ಯುದ್ಧದಿಂದ ಮರಳುವ ಸೈನಿಕರಿಗಾಗಿ ಒಂದು ಕಾಯಿದೆಗೆ ಸಹಿ ಹಾಕಿದರು. ವರ್ಷಕ್ಕೆ 500 ಡಾಲರುಗಳವರೆಗೆ ಅವರ ಶಿಕ್ಷಣಶುಲ್ಕವನ್ನು ಸರ್ಕಾರವೇ ಶಾಲೆಗೆ ಕಟ್ಟುವ ಏರ್ಪಾಡು ಅದು. ಲಕ್ಷಾಂತರ ಮಂದಿಗೆ ಅದರಿಂದ ವಿದ್ಯೆ ಒದಗಿತು. ಆದರೆ ಬೆಲ್ಲವಿದ್ದಲ್ಲಿಗೆ ಇರುವೆ ಬಾರದಿರುವುದೇ? ಲಾಭಕ್ಕಾಗಿ ನಡೆಯುವ ಕಸುಬಿನ ಶಾಲೆಗಳು ಸಾವಿರಗಟ್ಟಲೆ ತಲೆಯೆತ್ತಿದವು. ಅವುಗಳಲ್ಲಿ ಎಷ್ಟೋ ಶಾಲೆಗಳು ಕಲಿಸಿದ್ದಕ್ಕಿಂತ ವಸೂಲು ಮಾಡಿದ್ದೇ ಹೆಚ್ಚು. 1952ರ ಕಾಯಿದೆ ಇದಕ್ಕೊಂದು ಮದ್ದು ಕಂಡುಹಿಡಿಯಿತು: ಇಂಥ ಶಾಲೆಯ ತರಗತಿಯಲ್ಲಿ ಸರ್ಕಾರದ ವೆಚ್ಚದಲ್ಲಿ ಕಲಿಯುವ ಸೈನಿಕರು ನೂರಕ್ಕೆ 85ನ್ನು ಮೀರಬಾರದು. ತನ್ನ ಕೈಯ ಹಣ ಕೊಟ್ಟು ಕಲಿಯಲು ನೂರರಲ್ಲಿ ಹದಿನೈದು ಮಂದಿಯೂ ಬಾರದಿದ್ದರೆ ಅದೆಂಥ ಶಾಲೆ!

1965ರಲ್ಲಿ ಅಧ್ಯಕ್ಷ ಜಾನ್ಸನ್ನರು ಟೆಕ್ಸಾಸಿನ ಸ್ಯಾನ್ ಮಾರ್ಕೋಸಿನಲ್ಲಿ, ತಾವು ಓದಿದ ಕಾಲೇಜಿನಲ್ಲಿಯೇ, ಉನ್ನತ ಶಿಕ್ಷಣದ ಕಾಯಿದೆಗೆ ಸಹಿ ಮಾಡಿದರು. ಬಡವರ ಮಕ್ಕಳೂ ಕಾಲೇಜಿನ ಮೆಟ್ಟಿಲೇರಲೆಂಬ ಹಿರಿಯಾಸೆ ಅದರ ಹಿಂದಿತ್ತು. 1972ರ ತಿದ್ದುಪಡಿ ಲಾಭದ ಶಾಲೆಗಳಿಗೂ ಆ ನೆರವಿನ ಬಾಗಿಲನ್ನು ಅಗಲವಾಗಿ ತೆರೆಯಿತು. ಸೈನಿಕನಿಗೆ ಸಿಕ್ಕಿದ್ದು ಕೊಡುಗೆ. ಶಾಲೆ ಮೋಸಮಾಡಿದರೆ ಹಣದ ನಷ್ಟ ಸರ್ಕಾರದ್ದು. ಈಗ ದೊರೆತದ್ದರಲ್ಲಿ ಬಹುಪಾಲು ಸಾಲ, ನಷ್ಟ ವಿದ್ಯಾರ್ಥಿಯದು. 1976ರ ಕಾನೂನು ಮೊದಲ ಐದು ವರ್ಷಗಳ ಮಟ್ಟಿಗೆ ದಿವಾಳಿಯ ಮೂಲಕ ಈ ಸಾಲದಿಂದ ಬಿಡುಗಡೆ ಹೊಂದುವುದನ್ನು ಬಹುಮಟ್ಟಿಗೆ ತಡೆಯಿತು. 1998ರಲ್ಲಿ ಆ ಕಾಲಮಿತಿಯೂ ಹೋಯಿತು. ವ್ಯಾಪಾರದಲ್ಲಿ ಮುಳುಗಿದವನಿಗೆ ಉಂಟಾದ ದಾರಿ, ವಿದ್ಯೆಯ ಹೆಸರಿನಲ್ಲಿ ಮೋಸಹೋದವನಿಗೆ ಅಸಾಧಾರಣ ಕಷ್ಟವನ್ನು ರುಜುವಾತುಪಡಿಸಿದ ಹೊರತು ಇಲ್ಲವಾಯಿತು.

ಹಳೆಯ ಮದ್ದು ಮರೆತುಹೋಗಿರಲಿಲ್ಲ. 1992ರಲ್ಲಿ ಶಾಲೆಯ ಆದಾಯಕ್ಕೇ ನೂರಕ್ಕೆ 85ರ ಮಿತಿ ಬಂದಿತು. ಆರೇ ವರ್ಷಗಳಲ್ಲಿ ಅದು 90ಕ್ಕೆ ಸಡಿಲವಾಯಿತು. ಸೈನಿಕರ ಶಿಕ್ಷಣದ ಹಣ ಆ ಲೆಕ್ಕಕ್ಕೆ ಸೇರದ ಕಾರಣ ಸೈನಿಕನೇ ಮತ್ತೆ ಬೇಟೆಯಾದ. ಆ ಬಿರುಕನ್ನು ಮುಚ್ಚುವ ಕಾನೂನು ಬಂದದ್ದು 2021ರಲ್ಲಿ.

1995ರಲ್ಲಿ ಆರಂಭವಾದ ಕೊರಿಂಥಿಯನ್ ಕಾಲೇಜುಗಳ ಸಂಸ್ಥೆಯ ಮೇಲೆ, ಉದ್ಯೋಗ ದೊರೆತವರ ಲೆಕ್ಕವನ್ನು ತಪ್ಪಾಗಿ ತೋರಿಸಿತೆಂದು 2015ರ ಏಪ್ರಿಲ್‌ನಲ್ಲಿ ಸರ್ಕಾರ ಸುಮಾರು 3 ಕೋಟಿ ಡಾಲರು ದಂಡ ಹೇರಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಬಾಗಿಲು ಹಾಕಿತು. ಸುಮಾರು 16,000 ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಅದಕ್ಕೆ ಎರಡು ತಿಂಗಳು ಮುಂಚೆಯೇ ಹದಿನೈದು ಮಂದಿ ಹಳೆಯ ವಿದ್ಯಾರ್ಥಿಗಳು ಸಾಲ ತೀರಿಸುವುದಿಲ್ಲವೆಂದು ಬಹಿರಂಗವಾಗಿ ಸಾರಿದ್ದರು. ಕೊನೆಗೆ 2022ರ ಜೂನ್‌ನಲ್ಲಿ ಸರ್ಕಾರ ಆ ಸಂಸ್ಥೆಯ 5,60,000 ವಿದ್ಯಾರ್ಥಿಗಳ 580 ಕೋಟಿ ಡಾಲರು ಸಾಲವನ್ನು ಮನ್ನಾ ಮಾಡುವುದಾಗಿ ಪ್ರಕಟಿಸಿತು.

ಶಾಲೆ ಸತ್ತ ಮೇಲೆ ಏಳು ವರ್ಷ ಸಾಲ ಬದುಕಿತ್ತು. ಆ ಏಳು ವರ್ಷಗಳ ಯೌವನವನ್ನು ಯಾವ ಖಜಾನೆಯೂ ಮರಳಿ ಕೊಡಲಾರದು. ವಿದ್ಯೆಗಾಗಿ ಸಾಲ ಕೊಡುವ ಎಲ್ಲ ನಾಡುಗಳೂ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕಲಿಸದಿದ್ದರೆ ನಷ್ಟ ಯಾರದು?