ವೀರಗಲ್ಲಿನಿಂದ ಧ್ವಜಸಂಹಿತೆಯವರೆಗೆ

ರಣದಲ್ಲಿ ಮಡಿದವರ ಪೈಕಿ ಅಂತ್ಯಗೌರವಕ್ಕೆ ಅರ್ಹರಾರು ಎಂಬ ಪ್ರಶ್ನೆಗೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯು ಶಾಸನಸಭೆಗಳು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಶಿಲೆಯಲ್ಲಿ ಉತ್ತರವನ್ನು ಬರೆದಿರಿಸಿದೆ. ತುರುಗಳನ್ನು ಮರಳಿಸುವಲ್ಲಿ, ಊರಳಿವನ್ನು ತಡೆಯುವಲ್ಲಿ, ಹೆಣ್ಣುಮಕ್ಕಳ ಮಾನವನ್ನು ಕಾಯುವಲ್ಲಿ ಪ್ರಾಣ ತೆತ್ತವನಿಗೆ ವೀರಗಲ್ಲು ನಿಲ್ಲುತ್ತಿತ್ತು: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲಣದರಲ್ಲಿ ಶಿವಸಾನ್ನಿಧ್ಯ. ಕಲ್ಲಿನೊಡನೆ ನೆಲವೂ ಸಲ್ಲುತ್ತಿತ್ತು; ಗಂಗರ ಕಾಲದ ಬಾಳ್ಗಚ್ಚು, ಕಲ್ನಾಡುಗಳೂ, ತರುವಾಯದ ನೆತ್ತರುಗೊಡಗೆಯೂ ಮಡಿದವನ ಹೆಂಡಿರುಮಕ್ಕಳ ಜೀವನಾಧಾರವನ್ನು ಗೌರವದ ಅಂಗವಾಗಿಯೇ ಎಣಿಸಿದುವು. ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳು ಸಂಗ್ರಹವಾಗಿವೆ. ಅರ್ಹತೆಯ ಮಾನದಂಡವು ಅಂದು ಎಷ್ಟು ವಿಶಾಲವಾಗಿತ್ತೆಂಬುದಕ್ಕೆ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೇ ಸಾಕ್ಷಿ: ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಗೆ ಕ್ರಿ.ಶ. 949-50ರ ಸುಮಾರಿಗೆ ಕಲ್ಲೂ ಭೂಮಿಯೂ ದೊರೆತುವು.

ಸಂಸ್ಥಾನಗಳ ಸೇನೆಗಳು ಸಾಮ್ರಾಜ್ಯಕ್ಕಾಗಿ ಹೋರಾಡಿದ ಕಾಲದಲ್ಲಿ ಈ ಗೌರವವು ಗ್ರಾಮದ ಕೈಯಿಂದ ಸರ್ಕಾರದ ಕೈಗೆ ಸರಿಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ದೂರದೇಶದಲ್ಲಿ ಬಿದ್ದವರ ಸ್ಮರಣೆಯು ದೆಹಲಿಯ ತೀನ್ ಮೂರ್ತಿಯಂತಹ ಸಾಮೂಹಿಕ ಸ್ಮಾರಕಗಳಲ್ಲಿ ನೆಲೆಗೊಂಡಿತು.

ಸ್ವತಂತ್ರ ಭಾರತದಲ್ಲಿ ಮಾತ್ರ ಈ ವಿಷಯವು ವಿಚಿತ್ರವಾದ ದಾರಿಯನ್ನು ಹಿಡಿದಿದೆ. ಧ್ವಜವನ್ನು ಯಾರ ಶವದ ಮೇಲೆ ಹೊದಿಸಬಹುದೆಂಬುದನ್ನು ಶಾಸನವು ಹೇಳುತ್ತದೆ. ಸೇನಾಗೌರವ ಯಾರಿಗೆ ಸಲ್ಲಬೇಕೆಂಬುದನ್ನು ಹೇಳುವ ಸಂಸತ್ತಿನ ಪ್ರತ್ಯೇಕ ಕಾಯಿದೆ ಇಲ್ಲ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಅಧಿನಿಯಮಕ್ಕೆ 2003ರಲ್ಲಿ ತಂದ ತಿದ್ದುಪಡಿಯೂ, 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜಸಂಹಿತೆಯೂ ಸರ್ಕಾರಿ, ಸೈನಿಕ ಮತ್ತು ಅರೆಸೈನಿಕ ಪಡೆಗಳ ಅಂತ್ಯಕ್ರಿಯೆಗಳಿಗಷ್ಟೇ ಧ್ವಜವನ್ನು ಅನುಮತಿಸಿವೆ. ಖಾಸಗಿ ಅಂತ್ಯಕ್ರಿಯೆಯಲ್ಲಿ ಅದನ್ನು ಹೊದಿಸಿದರೆ 3 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಒದಗಬಹುದು. ಕೇಸರಿ ಭಾಗವು ತಲೆಯ ಕಡೆ ಇರಬೇಕು. ಚಿತೆಯನ್ನಾಗಲಿ ಗುಂಡಿಯನ್ನಾಗಲಿ ಧ್ವಜವು ಸೇರಬಾರದು. ಆದುದರಿಂದಲೇ ಬಂದೂಕುಗಳು ಆಕಾಶಕ್ಕೆ ಗುಂಡು ಹಾರಿಸಿ, ಕಹಳೆ ಮೊಳಗುವ ಆ ಹೊತ್ತಿನಲ್ಲಿ, ಮಡಿಸಿದ ಧ್ವಜವು ಪತ್ನಿಯ ಅಥವಾ ತಾಯಿಯ ಕೈಗೆ ಬರುತ್ತದೆ. ಅದನ್ನು ಎದೆಗೊತ್ತಿ ನಿಂತ ಹೆಣ್ಣುಮಗಳ ಮುಂದೆ ಯಾವ ನಿಯಮಾವಳಿಯ ಭಾಷೆಯೂ ಬಡವಾಗುತ್ತದೆ.

ಅರ್ಹತೆಯ ಉಳಿದ ಭಾಗವೆಲ್ಲ ಸೇನೆಯ ಆಂತರಿಕ ಆದೇಶಗಳಲ್ಲಿ ಅಡಗಿದೆ. 2023ರಲ್ಲಿ ಪಂಜಾಬಿನ ಅಗ್ನಿವೀರನೊಬ್ಬನು ಕರ್ತವ್ಯದ ನಡುವೆ ತನ್ನದೇ ಬಂದೂಕಿನ ಗುಂಡಿನಿಂದ ಮೃತನಾದಾಗ ಗೌರವರಕ್ಷಕ ದಳ ದೊರೆಯಲಿಲ್ಲ; ಸ್ವಯಂಕೃತ ಗಾಯದಿಂದಾದ ಸಾವಿಗೆ ಆ ಗೌರವವಿಲ್ಲವೆಂಬ 1967ರ ಆದೇಶವನ್ನು ಸೇನೆಯು ಉದ್ಧರಿಸಿತು. ಮನಸ್ಸಿನ ವ್ಯಾಧಿಯನ್ನೂ ಸೇವೆಯ ಭಾರವನ್ನೂ ನಾವಿಂದು ಅರಿತಿರುವ ಮಟ್ಟಿಗೆ ಆ ಆದೇಶವು ಪುನರ್ವಿಮರ್ಶೆಗೆ ಒಳಪಡಲೇಬೇಕು. ಅಮೆರಿಕದಲ್ಲಾದರೆ 2000ದ ಜನವರಿಯಿಂದ, ಕುಟುಂಬದವರು ಕೋರಿದಲ್ಲಿ, ಅರ್ಹ ಮಾಜಿ ಯೋಧನ ಅಂತ್ಯಕ್ರಿಯೆಗೆ ಕನಿಷ್ಠ ಇಬ್ಬರು ಸೈನಿಕರು ಬಂದು ಧ್ವಜವನ್ನು ಮಡಿಸಿ ಒಪ್ಪಿಸುವುದು ಕಾನೂನಿನ ಹಕ್ಕಾಗಿದೆ.

ನಮ್ಮ ಸೀಮೆಗೆ ಅತಿ ಹತ್ತಿರದ ಪ್ರಶ್ನೆಯು ಟಿಬೆಟಿಯನ್ನರು ನೆಲೆಸಿರುವ ಪಿರಿಯಾಪಟ್ಟಣದ ಬೈಲಕುಪ್ಪೆಯದು, ಹುಣಸೂರಿನ ಗುರುಪುರದ್ದು. 1962ರ ನವೆಂಬರಿನಲ್ಲಿ ಕಟ್ಟಿದ ವಿಶೇಷ ಗಡಿನಾಡ ಪಡೆಗೆ ಟಿಬೆಟಿನ ನಿರಾಶ್ರಿತರ ಮಕ್ಕಳು ಸೇರುತ್ತ ಬಂದಿದ್ದಾರೆ. 1971ರಲ್ಲಿ ಚಿತ್ತಗಾಂಗಿನ ಗುಡ್ಡಗಾಡಿನಲ್ಲಿ ಈ ಪಡೆಯ 50ಕ್ಕೂ ಮಿಕ್ಕ ಯೋಧರು ಮಡಿದರೂ, ಕಾರ್ಯವು ರಹಸ್ಯವಾಗಿದ್ದ ಕಾರಣ ಬಹಿರಂಗ ಗೌರವ ಅವರಿಗೆ ದೊರೆಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಲೇಹ್‌ನಲ್ಲಿ ಅದೇ ಪಡೆಯ ಟಿಬೆಟಿಯನ್ ಯೋಧನೊಬ್ಬನ ಪಾರ್ಥಿವಶರೀರಕ್ಕೆ ತ್ರಿವರ್ಣಧ್ವಜ, ಟಿಬೆಟಿನ ಧ್ವಜ ಎರಡನ್ನೂ ಹೊದಿಸಿ ಬಹಿರಂಗವಾಗಿ ಸೇನಾಗೌರವ ಸಲ್ಲಿಸಲಾಯಿತು.

ಇತ್ತ ಸರ್ಕಾರಿ ಗೌರವದ ವ್ಯಾಪ್ತಿಯು ಕಾರ್ಯಾಂಗದ ವಿವೇಚನೆಯಿಂದ ಹಿಗ್ಗುತ್ತ ಬಂದಿದೆ. ಸಾಹಿತಿಗಳಿಗೆ, ಕಲಾವಿದರಿಗೆ, ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದ ಆನೆ ಅರ್ಜುನನಿಗೂ ಅದು ಸಂದಿದೆ. ಕಾಡಾನೆಯೊಡನೆ ಕಾದಿ 2023ರ ಡಿಸೆಂಬರ್ 4ರಂದು ಮಡಿದ ಆ ಗಜರಾಜನಿಗೆ ಅದು ಯೋಗ್ಯವಾದುದೇ. ಆದರೆ ಆನೆಗೆ ಒಂದು ದಿನದೊಳಗೆ ದೊರೆತುದಕ್ಕೆ ನಿವೃತ್ತ ಸೈನಿಕನ ಮನೆಯವರು ಯಾವ ಕಚೇರಿಯಲ್ಲಿ, ಯಾವ ನಿಯಮವನ್ನು ತೋರಿಸಿ ಕೇಳಬೇಕು? ಸಂಸತ್ತು ಈ ಅರ್ಹತೆಗಳನ್ನು ಒಂದೇ ಕಾಯಿದೆಯಲ್ಲಿ ಸ್ಪಷ್ಟವಾಗಿ ವಿಧಿಸಿ, ಅದರ ಕನ್ನಡ ಪ್ರತಿಯನ್ನು ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಇರಿಸಲಿ.