ಗುರುತು ಸಿಗದ ಗಾಮಾ ಆಕರಗಳು: ರೇಡಿಯೊ ಸಮೀಕ್ಷೆಯ ನೆರವು

ಗಾಮಾ ಕಿರಣಗಳನ್ನು ಸೂಸುವ ಸಾವಿರಾರು ಆಕರಗಳು ಆಕಾಶದಲ್ಲಿ ಪತ್ತೆಯಾಗಿವೆಯಾದರೂ ಅವುಗಳಲ್ಲಿ ಅನೇಕವು ಯಾವ ಬಗೆಯ ಕಾಯಗಳೆಂಬುದು ಇನ್ನೂ ತಿಳಿದಿಲ್ಲ. 2008ರ ಜೂನ್‌ನಲ್ಲಿ ಉಡಾವಣೆಗೊಂಡ ಫರ್ಮಿ ದೂರದರ್ಶಕದ ಮೊದಲ ನಾಲ್ಕು ವರ್ಷಗಳ ವೀಕ್ಷಣೆಯನ್ನು ಆಧರಿಸಿದ ಪಟ್ಟಿಯಲ್ಲಿ 3,033 ಆಕರಗಳಿದ್ದು, ಸುಮಾರು ಮೂರರಲ್ಲೊಂದು ಭಾಗಕ್ಕೆ ಗುರುತೇ ಇರಲಿಲ್ಲ.

ತೊಡಕಿರುವುದು ಗಾಮಾ ಕಿರಣದ ಸ್ವಭಾವದಲ್ಲಿ. ಬೆಳಕಿನಂತೆ ಅದನ್ನು ಕನ್ನಡಿ, ಮಸೂರಗಳಿಂದ ಒಂದೆಡೆ ಕೂಡಿಸಲಾಗದು. ಹೀಗಾಗಿ ಆಕರದ ಸ್ಥಾನ ಬಿಂದುವಾಗಿ ದೊರೆಯದೆ ಒಂದು ಮಸುಕು ವಲಯವಾಗಿ ದೊರೆಯುತ್ತದೆ. ಅದರೊಳಗೆ ನಕ್ಷತ್ರಗಳೂ ಗ್ಯಾಲಕ್ಸಿಗಳೂ ಅಸಂಖ್ಯ.

ಇಲ್ಲಿ ನೆರವಾಗುವುದು ರೇಡಿಯೊ ನಕ್ಷೆ. ಪುಣೆಯ ಸಮೀಪದ ಖೋಡದದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿಂದ ಕೂಡಿದ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್, 2010ರಿಂದ 2012ರವರೆಗೆ 150 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶದ ಶೇ. 90ರಷ್ಟು ಭಾಗವನ್ನು ಸಮೀಕ್ಷಿಸಿತು. 2016ರಲ್ಲಿ ಪ್ರಕಟವಾದ ಅದರ ಪಟ್ಟಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಕರಗಳಿವೆ. ಇಷ್ಟೊಂದು ಆಕರಗಳಿರುವಾಗ, ಗಾಮಾ ವಲಯದೊಳಗೆ ರೇಡಿಯೊ ಆಕರವೊಂದು ಕಂಡಮಾತ್ರಕ್ಕೆ ಅದೇ ಇದೆಂದು ತೀರ್ಮಾನಿಸುವುದು ಸರಿಯಲ್ಲ, ಕಾಕತಾಳೀಯವೂ ಇರಬಹುದು.

ಆದ್ದರಿಂದ ಎರಡು ಲಕ್ಷಣಗಳನ್ನು ನೋಡುತ್ತಾರೆ. ಮೊದಲನೆಯದು, ಆಕರ ಹರಡಿಕೊಳ್ಳದೆ ಚುಕ್ಕೆಯಂತಿರಬೇಕು. ಎರಡನೆಯದು, ಆವರ್ತನ ಏರಿದಂತೆ ಅದರ ಪ್ರಖರತೆ ಕಡಿದಾಗಿ ಇಳಿಯಬೇಕು. 150ರಿಂದ 1,400 ಮೆಗಾಹರ್ಟ್ಸ್‌ಗೆ ಏರಿದಾಗ ಸಾಮಾನ್ಯ ರೇಡಿಯೊ ಗ್ಯಾಲಕ್ಸಿಯ ಪ್ರಖರತೆ ಸುಮಾರು ಐದು ಪಟ್ಟು ಕುಗ್ಗಿದರೆ, ಪಲ್ಸಾರ್‌ನದು ಇಪ್ಪತ್ತು ಮೂವತ್ತು ಪಟ್ಟು ಕುಗ್ಗುತ್ತದೆ. ಪಲ್ಸಾರ್ ಎಂದರೆ ವೇಗವಾಗಿ ಸುತ್ತುತ್ತಾ ಮಿಡಿತಗಳನ್ನು ಕಳುಹಿಸುವ ನ್ಯೂಟ್ರಾನ್ ನಕ್ಷತ್ರ. ಫರ್ಮಿ ಪಟ್ಟಿಯಲ್ಲಿ ಗುರುತು ಸಿಕ್ಕವುಗಳ ಪೈಕಿ ಬಹುಪಾಲಾದ ಬ್ಲೇಜಾರ್‌ಗಳಲ್ಲಿ ಇಂತಹ ಕಡಿದಾದ ಇಳಿತ ಇರುವುದಿಲ್ಲ.

ಮಿಡಿತವನ್ನೇ ನೇರವಾಗಿ ಹುಡುಕಬಾರದೇಕೆ ಎಂಬ ಪ್ರಶ್ನೆ ಸಹಜ. ನಡುವಣ ಅನಿಲದಿಂದ ಮಿಡಿತ ಕದಡಿದಾಗ, ಅಥವಾ ಪಲ್ಸಾರ್ ಜೊತೆಗಾರ ನಕ್ಷತ್ರವನ್ನು ಬಿರುಸಾಗಿ ಸುತ್ತುತ್ತಿದ್ದಾಗ, ಆ ಹುಡುಕಾಟ ಹಲವು ಬಾರಿ ಸೋಲುತ್ತದೆ. ಚಿತ್ರದಲ್ಲಿ ಮಾತ್ರ ಚುಕ್ಕೆ ಉಳಿದೇ ಇರುತ್ತದೆ. ಈ ಮಾರ್ಗದಿಂದ ಆಯ್ದ 16 ಆಕರಗಳಲ್ಲಿ ಆರು ಮಿಲಿಸೆಕೆಂಡ್ ಪಲ್ಸಾರ್‌ಗಳೂ ಒಂದು ಸಾಮಾನ್ಯ ಪಲ್ಸಾರ್ ಕೂಡ ದೊರೆತ ವಿವರ 2018ರಲ್ಲಿ ಪ್ರಕಟವಾಯಿತು. ಸಂಖ್ಯೆ ಕಿರಿದೆನಿಸಿದರೂ, ಇಂತಹ ಶೋಧದಲ್ಲಿ ಈ ಪ್ರಮಾಣದ ಯಶಸ್ಸು ಅಲ್ಪವಲ್ಲ.

ರೇಡಿಯೊದಲ್ಲಿ ಮೌನವಾಗಿರುವ ಪಲ್ಸಾರ್‌ಗಳಿಗೆ ಈ ಉಪಾಯ ಫಲಿಸದು. 1970ರ ದಶಕದ ಆರಂಭದಲ್ಲಿ ಗಾಮಾ ಕಿರಣಗಳಲ್ಲಿ ಕಂಡ ಜೆಮಿಂಗಾ ಪಲ್ಸಾರ್ ಎಂಬುದು ಖಚಿತವಾದದ್ದು 1992ರಲ್ಲಿ, ಅದೂ ಕ್ಷ-ಕಿರಣಗಳ ಮಿಡಿತದಿಂದ.