ಅಪರ್ಣಾ: ಚಂದನದಿಂದ ನಮ್ಮ ಮೆಟ್ರೊವರೆಗೆ

ರಜೆಗೆಂದು ಬೆಂಗಳೂರಿಗೆ ಹೋಗಿ ನಮ್ಮ ಮೆಟ್ರೊ ಹತ್ತಿದ, ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೂ ಅವರ ದನಿ ಗೊತ್ತು. ಮುಂದಿನ ನಿಲ್ದಾಣ ಯಾವುದು, ಬಾಗಿಲು ತೆರೆಯುವುದು ಎಡಕ್ಕೋ ಬಲಕ್ಕೋ ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲಿ ಹೇಳುತ್ತಿದ್ದವರು ಅಪರ್ಣಾ ವಸ್ತಾರೆ. 2024ರ ಜುಲೈ 11ರಂದು, 57ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಮಕ್ಕಳು ಮೆಟ್ರೊ ನೆನೆದರೆ, ಅಪ್ಪ ಅಮ್ಮಂದಿರು ನೆನೆದದ್ದು ದೂರದರ್ಶನವನ್ನು.

ಆ ಕಾಲವನ್ನು ಕಾಣದವರಿಗಾಗಿ ಒಂದೆರಡು ಮಾತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಮುಂದೆ ಅದರ ಕನ್ನಡ ವಾಹಿನಿ 'ಚಂದನ' ಎಂದು ಹೆಸರಾಯಿತು. ಖಾಸಗಿ ವಾಹಿನಿಗಳಿಲ್ಲದ ದಿನಗಳಲ್ಲಿ ಸಂಜೆಯಾದರೆ ಕೇರಿಯ ಜನರೆಲ್ಲ ಟಿವಿ ಇದ್ದ ಮನೆಯಲ್ಲಿ ಸೇರುತ್ತಿದ್ದರು. ವಾರ್ತೆ ಓದುವವರು, ಮುಂದಿನ ಕಾರ್ಯಕ್ರಮ ಯಾವುದೆಂದು ತಿಳಿಸುವ ನಿರೂಪಕಿಯರು ನಟನಟಿಯರಷ್ಟೇ ಪರಿಚಿತರಾಗಿದ್ದರು. ಅವರು ಉಟ್ಟ ಸೀರೆಯ ಬಗ್ಗೆ ಮರುದಿನ ನಲ್ಲಿಯ ಹತ್ತಿರ ಚರ್ಚೆಯಾಗುತ್ತಿತ್ತು. ಅವರು ಆಡಿದ ಕನ್ನಡ ಮನೆಮಂದಿಗೆ ಮಾದರಿಯಾಗಿತ್ತು. ಆ ಪರಂಪರೆಯಲ್ಲಿ ಬಂದು, ಅದನ್ನು ಖಾಸಗಿ ವಾಹಿನಿಗಳ ಕಾಲಕ್ಕೂ ದಾಟಿಸಿದವರು ಅಪರ್ಣಾ.

ಅವರು ಮೊದಲು ಜನರ ಕಣ್ಣಿಗೆ ಬಿದ್ದದ್ದು ಬೆಳ್ಳಿತೆರೆಯಲ್ಲಿ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು'. ಅಂಬರೀಷ್, ಜಯಂತಿ ಅವರಂಥ ಹೆಸರಾಂತರ ಜೊತೆ ಹದಿಹರೆಯದ ಹುಡುಗಿ ಅದರಲ್ಲಿ ನಟಿಸಿದರು. ಅಲ್ಲಿಂದ ನಾಯಕಿಯಾಗಿ ಮುಂದುವರಿಯುವ ದಾರಿಯೂ ಇತ್ತು; ಅವರ ಒಲವು ಮಾತಿನ ಕಡೆ ಹೊರಳಿತು. ದೂರದರ್ಶನ, ಆಕಾಶವಾಣಿ, ಸರ್ಕಾರಿ ಸಮಾರಂಭ ಎಲ್ಲೆಡೆ ಅವರ ನಿರೂಪಣೆ ಇರುತ್ತಿತ್ತು. 1998ರ ದೀಪಾವಳಿಯಲ್ಲಿ ಸತತ ಎಂಟು ಗಂಟೆ ಕಾರ್ಯಕ್ರಮ ನಿರೂಪಿಸಿದ್ದನ್ನು ಜನ ಈಗಲೂ ಹೇಳುತ್ತಾರೆ. 'ಮೂಡಲ ಮನೆ', 'ಮುಕ್ತ' ಧಾರಾವಾಹಿಗಳಲ್ಲೂ ಅಭಿನಯಿಸಿದರು.

ನಿರೂಪಣೆ ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ಆದರೆ ವೇದಿಕೆಗೆ ಗಣ್ಯರು ತಡವಾಗಿ ಬರುತ್ತಾರೆ, ಮೈಕು ಕೈಕೊಡುತ್ತದೆ, ಕೊನೇ ಗಳಿಗೆಯಲ್ಲಿ ಚೀಟಿಯೊಂದು ಬಂದು ಹೆಸರುಗಳ ಸರದಿ ಅದಲುಬದಲಾಗುತ್ತದೆ. ಆಗಲೂ ದನಿ ಏರದೆ, ಮಹಾಪ್ರಾಣ ಜಾರದೆ, ಅಕಾರ ಹಕಾರ ಕಲಸದೆ ಸಭೆಯನ್ನು ಹಿಡಿದಿಡಬೇಕು. ಅಪರ್ಣಾ ಅವರ ಕನ್ನಡದಲ್ಲಿ ಆ ಶಿಸ್ತಿತ್ತು, ಆದರೆ ಬಿಗುವಿರಲಿಲ್ಲ. ಗ್ರಾಂಥಿಕ ಪದ ಬಂದರೂ ಪಕ್ಕದ ಮನೆಯವರ ಮಾತಿನಂತೆಯೇ ಕೇಳುತ್ತಿತ್ತು.

ಇಷ್ಟು ಗಂಭೀರ ಹೆಸರು ಗಳಿಸಿದವರು ಸೃಜನ್ ಲೋಕೇಶ್ ಅವರ ಟಿವಿ ಹಾಸ್ಯ ಕಾರ್ಯಕ್ರಮ 'ಮಜಾ ಟಾಕೀಸ್'ನಲ್ಲಿ 'ಒನ್ ಆ್ಯಂಡ್ ಓನ್ಲಿ ವರಲಕ್ಷ್ಮಿ'ಯಾಗಿ ಬಂದು ನಗಿಸಿದಾಗ ಹಳಬರು ಹುಬ್ಬೇರಿಸಿದರು. ತಮ್ಮ ಗಾಂಭೀರ್ಯವನ್ನೇ ಬದಿಗಿಟ್ಟು ನಗೆಗೆ ನಿಂತ ಆ ಪಾತ್ರದಿಂದ ಅವರು ಹೊಸ ತಲೆಮಾರಿಗೂ ಮನೆಯವರಾದರು.

ಶ್ವಾಸಕೋಶದ ಕ್ಯಾನ್ಸರ್ ಜೊತೆಗಿನ ಅವರ ಹೋರಾಟ ಹೆಚ್ಚಿನವರಿಗೆ ತಿಳಿದದ್ದು ಅವರು ಹೋದ ಮೇಲೆಯೇ. ಪತಿ, ವಾಸ್ತುಶಿಲ್ಪಿ ಹಾಗೂ ಲೇಖಕ ನಾಗರಾಜ ವಸ್ತಾರೆ ಅಂದು ಮಾಧ್ಯಮದೆದುರು ಆ ವಿಷಯ ಹೇಳಿಕೊಂಡರು.

ತಿದ್ದಿ ಮಾತಾಡಿದರೆ ಜನರಿಂದ ದೂರವಾಗುತ್ತೇವೆ, ಇಂಗ್ಲಿಷ್ ಬೆರೆಸದಿದ್ದರೆ ಯಾರೂ ಕೇಳುವುದಿಲ್ಲ ಎಂಬ ಅಳುಕು ಸುಳ್ಳೆಂದು ಅಪರ್ಣಾ ತಮ್ಮ ವೃತ್ತಿಯಿಂದಲೇ ತೋರಿಸಿದರು. ನಮ್ಮ ಕನ್ನಡ ಕೂಟಗಳ ವೇದಿಕೆಯಲ್ಲೂ ಪ್ರತಿ ಯುಗಾದಿ, ರಾಜ್ಯೋತ್ಸವಕ್ಕೆ ಯಾರಾದರೊಬ್ಬರು ಮೈಕು ಹಿಡಿಯುತ್ತಾರೆ. ಈ ಸಲ ಆ ಕೆಲಸ ಇಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರಿಗೆ ಕೊಡಿ. ಹಿಂದಿನ ದಿನವೇ ಹೆಸರುಗಳ ಪಟ್ಟಿ ಕೈಗಿತ್ತು, ಎದುರು ಕೂರಿಸಿಕೊಂಡು ಎರಡು ಸಲ ಗಟ್ಟಿಯಾಗಿ ಓದಿಸಿ. ಅಪರ್ಣಾ ಅವರಿಗೆ ನಾವು ಇಲ್ಲಿಂದ ಸಲ್ಲಿಸಬಹುದಾದ ಗೌರವ ಇದು.